ಮೊಟ್ಟಮೊದಲ ಹೆಪ್ಪು ಎಲ್ಲಿಂದ ಬಂತು?

ಕಂಪೈಲರ್ ತಯಾರಾಗಲು ಕಂಪೈಲರ್ ಬೇಕು. ಹಾಗಾದರೆ ಮೊದಲನೆಯದನ್ನು ತಯಾರಿಸಿದವರು ಯಾರು, ಹೇಗೆ? ಗಣಕಯಂತ್ರದ ಈ ಒಗಟಿಗೆ ಉತ್ತರ ಅಡುಗೆಮನೆಯಲ್ಲೇ ಇದೆ.

ಕೆಲವು ವರ್ಷಗಳ ಹಿಂದಿನ ಮಾತು. ಎಂಟನೇ ತರಗತಿಗೆ ಸೂಕ್ಷ್ಮಜೀವಿಗಳ ಪಾಠ ಮಾಡುತ್ತಿದ್ದೆ. ಉಗುರು ಬೆಚ್ಚಗಿನ ಹಾಲಿಗೆ ಒಂದು ಚಮಚ ಹೆಪ್ಪು ಹಾಕಬೇಕು, ಹೆಪ್ಪು ಎಂದರೆ ಹಿಂದಿನ ದಿನದ ಮೊಸರು, ಅದರಲ್ಲಿರುವ ಬ್ಯಾಕ್ಟೀರಿಯಾ ರಾತ್ರಿಯೆಲ್ಲ ದುಡಿದು ಹಾಲನ್ನು ಮೊಸರಾಗಿಸುತ್ತದೆ ಎಂದು ಹೇಳಿ ಮುಗಿಸಿದೆ. ಎರಡನೇ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು.

‘ಸಾರ್, ಹಿಂದಿನ ದಿನದ ಮೊಸರಿಗೆ ಅದರ ಹಿಂದಿನ ದಿನದ ಮೊಸರು ಬೇಕಲ್ವಾ? ಹಾಗಾದ್ರೆ ಮೊಟ್ಟಮೊದಲ ಹೆಪ್ಪು ಎಲ್ಲಿಂದ ಬಂತು?’

ತರಗತಿ ಗೊಳ್ಳೆಂದು ನಕ್ಕಿತು. ನಾನು ನಗಲಿಲ್ಲ. ಪ್ರಶ್ನೆ ಸರಿಯಾಗಿತ್ತು, ಉತ್ತರ ನನ್ನ ಟಿಪ್ಪಣಿಯಲ್ಲಿರಲಿಲ್ಲ. ಅಷ್ಟರಲ್ಲಿ ಕೊನೆಯ ಬೆಂಚಿನಿಂದ ಒಂದು ದನಿ ಬಂತು: ‘ನಮ್ಮಜ್ಜಿ ಮೆಣಸಿನಕಾಯಿ ತೊಟ್ಟು ಹಾಕ್ತಾರೆ ಸಾರ್. ಮೊದಲ್ನೇ ದಿನ ನೀರುನೀರಾಗಿರುತ್ತೆ. ಅದನ್ನೇ ಹೆಪ್ಪು ಹಾಕಿ ಇನ್ನೊಂದು ಸಲ ಮಾಡಿದ್ರೆ ಗಟ್ಟಿಯಾಗುತ್ತೆ.’

ಹೌದು. ಮೆಣಸಿನಕಾಯಿಯ ತೊಟ್ಟಿನ ಮೇಲೂ ಹಾಲನ್ನು ಹುಳಿಯಾಗಿಸುವ ಬ್ಯಾಕ್ಟೀರಿಯಾಗಳಿರುತ್ತವೆ. ಮೊಸರಲ್ಲದ ವಸ್ತುವಿನಿಂದ ಒಂದು ಕಳಪೆ ಮೊಸರು, ಆ ಕಳಪೆ ಮೊಸರಿನಿಂದ ಒಂದು ಒಳ್ಳೆಯ ಮೊಸರು. ಆ ಅಜ್ಜಿಯ ಉಪಾಯ ಎಷ್ಟು ದೂರದವರೆಗೆ ಹೋಗುತ್ತದೆ ಎಂಬುದು ನನಗೆ ಅರ್ಥವಾದದ್ದು 2023ರ ದಸರಾ ರಜೆಯಲ್ಲಿ, ಮನೆಯ ಹಳೆಯ ಕಂಪ್ಯೂಟರಿನ ಮುಂದೆ ಕುಳಿತಾಗ.

ದುಭಾಷಿಯ ಒಗಟು

ಗಣಕಯಂತ್ರಕ್ಕೆ ತಿಳಿಯುವುದು ಸೊನ್ನೆ ಮತ್ತು ಒಂದರ ಭಾಷೆ ಮಾತ್ರ. ನಾವು ಬರೆಯುವುದು ‘ಸಿ’ಯಂಥ ಭಾಷೆಗಳಲ್ಲಿ. ಮನುಷ್ಯ ಬರೆದ ಆಕರ ಪಠ್ಯವನ್ನು ಯಂತ್ರದ ಭಾಷೆಗೆ ತರುವ ದುಭಾಷಿಯೇ ಕಂಪೈಲರ್. ಇದೂ ಒಂದು ಪ್ರೋಗ್ರಾಂ. ಇದನ್ನೂ ಯಾರೋ ಬರೆದಿರಬೇಕು. ‘ಸಿ’ ಕಂಪೈಲರನ್ನು ಬಹುಮಟ್ಟಿಗೆ ‘ಸಿ’ಯಲ್ಲೇ, ಅಥವಾ ಅದರ ಮುಂದುವರಿದ ರೂಪವಾದ ‘ಸಿ ಪ್ಲಸ್ ಪ್ಲಸ್’ನಲ್ಲಿ ಬರೆದಿರುತ್ತಾರೆ. ಆ ಬರಹವನ್ನು ಯಂತ್ರಕ್ಕೆ ತಿಳಿಸಲು ಕಂಪೈಲರ್ ಬೇಕು!

ನಮ್ಮಲ್ಲಿ ಒಂದು ಗಾದೆಯಿದೆ: ಹುಚ್ಚು ಬಿಡುವವರೆಗೆ ಮದುವೆಯಾಗದು, ಮದುವೆಯಾಗುವವರೆಗೆ ಹುಚ್ಚು ಬಿಡದು. ಕಂಪೈಲರಿನ ಸ್ಥಿತಿಯೂ ಅದೇ. ಈ ಸುತ್ತನ್ನು ಮುರಿದು ಶೂನ್ಯದಿಂದ ಮೇಲೇಳುವ ಕೆಲಸಕ್ಕೆ ಗಣಕತಜ್ಞರು ‘ಬೂಟ್‌ಸ್ಟ್ರ್ಯಾಪಿಂಗ್’ ಎನ್ನುತ್ತಾರೆ. ನಾವು ಹೆಪ್ಪು ಹಾಕುವುದು ಎನ್ನೋಣ.

ಯುನಿಕ್ಸ್ ಹುಟ್ಟಿದ್ದೇ ಹೀಗೆ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಅವರಿಗೆ ಪಿಡಿಪಿ-7 ಎಂಬ ಸಣ್ಣ ಯಂತ್ರ ಸಿಕ್ಕಿತು. ಅದರ ಸ್ಮೃತಿಕೋಶ 18 ಬಿಟ್‌ಗಳ 8 ಸಾವಿರ ಚಿಲ್ಲರೆ ಪದಗಳಷ್ಟು. ಅದರ ಮೇಲೆ ಕೆಲಸ ಮಾಡಲು ಬೇಕಾದ ಸಲಕರಣೆ ಏನೂ ಇರಲಿಲ್ಲ. ಆದ್ದರಿಂದ ಅವರು ಪಕ್ಕದ ದೊಡ್ಡ ಜಿಇ ಯಂತ್ರದಲ್ಲಿ ಪ್ರೋಗ್ರಾಂ ಸಿದ್ಧಪಡಿಸಿ, ತೂತು ಕೊರೆದ ಕಾಗದದ ಪಟ್ಟಿಯಲ್ಲಿ ಇಳಿಸಿ, ಆ ಪಟ್ಟಿಯನ್ನು ಕೈಯಲ್ಲಿ ಹಿಡಿದು ತಂದು ಪಿಡಿಪಿ-7ಕ್ಕೆ ಉಣಿಸುತ್ತಿದ್ದರು. ಒಂದು ಪುಟ್ಟ ಕರ್ನಲ್, ಒಂದು ಎಡಿಟರ್, ಒಂದು ಅಸೆಂಬ್ಲರ್, ಒಂದು ಶೆಲ್ ಆದ ದಿನದಿಂದ ಕಾಗದದ ಪಟ್ಟಿ ಹೊರುವ ಕೆಲಸ ನಿಂತಿತು. ಯಂತ್ರ ತನ್ನ ಕಾಲ ಮೇಲೆ ತಾನು ನಿಂತಿತು.

ಮುಂದಿನ ಮೆಟ್ಟಿಲು ‘ಬಿ’ ಭಾಷೆ. ಅದರ ಮೊದಲ ಕಂಪೈಲರನ್ನು ಥಾಂಪ್ಸನ್ ಬರೆದದ್ದು ಟಿಎಂಜಿ ಎಂಬ ಬೇರೊಂದು ಸಾಧನದಲ್ಲಿ. ಮೆಣಸಿನಕಾಯಿ ತೊಟ್ಟು ಅದೇ! ಕೆಲಸ ಸಾಗಿದ ಮೇಲೆ ‘ಬಿ’ ಕಂಪೈಲರನ್ನು ‘ಬಿ’ಯಲ್ಲೇ ಮತ್ತೆ ಬರೆದರು. ಆ ದಿನಗಳ ಬಗ್ಗೆ ಡೆನಿಸ್ ರಿಚಿ ಬರೆದಿಟ್ಟಿರುವ ವಿವರ ಸೊಗಸಾಗಿದೆ. ಭಾಷೆಗೆ ಹೊಸ ಸೌಕರ್ಯವೊಂದನ್ನು ಸೇರಿಸಿದಾಗಲೆಲ್ಲ ಕಂಪೈಲರ್ ಊದಿಕೊಂಡು ಯಂತ್ರದಲ್ಲಿ ಹಿಡಿಯದಂತಾಗುತ್ತಿತ್ತು. ಆ ಹೊಸ ಸೌಕರ್ಯವನ್ನೇ ಬಳಸಿ ಕಂಪೈಲರನ್ನು ಮರಳಿ ಬರೆದಾಗ ಅದು ಮತ್ತೆ ಸಣ್ಣದಾಗುತ್ತಿತ್ತು. ‘ಬಿ’ಯಿಂದ ರಿಚಿ ಅವರ ಕೈಯಲ್ಲಿ ‘ಸಿ’ ಬೆಳೆಯಿತು. 1973ರಲ್ಲಿ ಯುನಿಕ್ಸಿನ ಕರ್ನಲನ್ನೇ ‘ಸಿ’ಯಲ್ಲಿ ಬರೆದರು.

ಯಾವುದು ಮೊದಲು, ಯಾವುದು ಆಮೇಲೆ?

ನನ್ನ ಕಥೆಗೆ ಬರೋಣ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಬೆಂಗಳೂರಿನಲ್ಲಿ ತಂತ್ರಾಂಶದ ಕೆಲಸದಲ್ಲಿದ್ದಾನೆ. ಹಬ್ಬಕ್ಕೆ ಊರಿಗೆ ಬಂದವನು ಮನೆಗೂ ಬಂದ. ಮಾತಿನ ನಡುವೆ, ‘ಸಾರ್, ನೀವು ಪಾಠದಲ್ಲಿ ಯಾವಾಗಲೂ ಬಿಚ್ಚಿ ನೋಡಿ ಅಂತಿದ್ರಿ. ಲಿನಕ್ಸನ್ನು ಬಿಡಿಬಿಡಿಯಾಗಿ ನೀವೇ ಕಟ್ಟಿ ನೋಡಿ’ ಎಂದು ಒಂದು ಪುಸ್ತಕದ ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟ. ಹೆಸರು ‘ಲಿನಕ್ಸ್ ಫ್ರಂ ಸ್ಕ್ರ್ಯಾಚ್’. ಜೆರಾರ್ಡ್ ಬೀಕ್‌ಮನ್ಸ್ 1999ರಲ್ಲಿ ಆರಂಭಿಸಿದ, ಈಗ ಸ್ವಯಂಸೇವಕರು ನಡೆಸಿಕೊಂಡು ಬರುತ್ತಿರುವ ಕೈಪಿಡಿ. ಯುನಿಕ್ಸಿನ ಸಂಪ್ರದಾಯದ್ದೇ ಆದ ಲಿನಕ್ಸ್ ವ್ಯವಸ್ಥೆಯನ್ನು ಎಂಬತ್ತರಷ್ಟು ಪ್ಯಾಕೇಜುಗಳಿಂದ, ಒಂದೊಂದರ ಆಕರ ಪಠ್ಯವನ್ನೂ ಕಂಪೈಲ್ ಮಾಡುತ್ತಾ, ಕೈಯಾರೆ ಕಟ್ಟುವ ಬಗೆ ಅದರಲ್ಲಿದೆ.

ಎಂಬತ್ತು ಪ್ಯಾಕೇಜುಗಳೂ ಒಂದರ ಮೇಲೊಂದು ಅವಲಂಬಿತ. ಯಾವುದನ್ನು ಮೊದಲು ಕಟ್ಟಬೇಕು? ಈ ಬಗೆಯ ಪ್ರಶ್ನೆಗೆ 1962ರಲ್ಲೇ ಆರ್ಥರ್ ಕಾನ್ ಎಂಬವರು ಒಂದು ಸುಲಭ ವಿಧಾನ ಪ್ರಕಟಿಸಿದ್ದರು. ಯಾರನ್ನೂ ಕಾಯಬೇಕಾಗಿಲ್ಲದ ಕೆಲಸವನ್ನು ಹುಡುಕಿ ಅದನ್ನು ಮೊದಲು ಮುಗಿಸಿ. ಪಟ್ಟಿಯಿಂದ ಹೊಡೆದುಹಾಕಿ. ಈಗ ಅದನ್ನು ಮಾತ್ರ ಕಾಯುತ್ತಿದ್ದ ಕೆಲಸಗಳು ಬಿಡುಗಡೆಯಾಗುತ್ತವೆ. ಅವುಗಳಲ್ಲಿ ಒಂದನ್ನು ಎತ್ತಿಕೊಳ್ಳಿ. ಪಟ್ಟಿ ಬರಿದಾಗುವವರೆಗೆ ಹೀಗೇ ಮಾಡಿ. ಇಡ್ಲಿ ಮಾಡುವ ಮನೆಯಾಕೆ ದಿನವೂ ಮಾಡುವುದು ಇದನ್ನೇ: ನೆನೆಹಾಕುವುದು ಯಾರನ್ನೂ ಕಾಯುವುದಿಲ್ಲ, ರುಬ್ಬುವುದು ನೆನೆಯುವುದನ್ನು ಕಾಯುತ್ತದೆ, ಹುದುಗುವುದು ರುಬ್ಬುವುದನ್ನು, ಬೇಯುವುದು ಹುದುಗುವುದನ್ನು.

ಯುನಿಕ್ಸಿನಲ್ಲಿ ಇದಕ್ಕೆಂದೇ ‘ಟಿಸಾರ್ಟ್’ ಎಂಬ ಆಜ್ಞೆಯಿದೆ. ‘ಇದು ಅದಕ್ಕಿಂತ ಮೊದಲು’ ಎಂಬ ಜೋಡಿಗಳನ್ನು ಕೊಟ್ಟರೆ ಇಡೀ ಸರದಿಯನ್ನು ಬರೆದುಕೊಡುತ್ತದೆ. ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಬರೆದ ‘ಮೇಕ್’ ಕೂಡ ಇದೇ ಜಾತಿಯದು. ಯಾವ ಕಡತ ಯಾವುದನ್ನು ನೆಚ್ಚಿಕೊಂಡಿದೆ ಎಂದು ತಿಳಿಸಿದರೆ ಬೇಕಾದಷ್ಟನ್ನೇ, ಬೇಕಾದ ಕ್ರಮದಲ್ಲಿ ಕಟ್ಟುತ್ತದೆ.

ಆದರೆ ಈ ವಿಧಾನಕ್ಕೆ ಒಂದು ಮಿತಿಯುಂಟು. ಉಳಿದವರೆಲ್ಲ ಇನ್ನೊಬ್ಬರನ್ನು ಕಾಯುತ್ತಾ ಕುಳಿತಿದ್ದರೆ? ಪಟ್ಟಿಯಲ್ಲಿ ಸುತ್ತು ಇದ್ದರೆ? ಟಿಸಾರ್ಟ್ ‘ಇಲ್ಲೊಂದು ಸುತ್ತು ಇದೆ’ ಎಂದು ದೂರುತ್ತದೆಯೇ ಹೊರತು ಬಿಡಿಸಿಕೊಡುವುದಿಲ್ಲ. ಬಿಡಿಸುವುದು ಮನುಷ್ಯನ ಕೆಲಸ.

ಅರ್ಧ ಕಂಪೈಲರಿನ ಉಪಾಯ

ಲಿನಕ್ಸ್ ಕಟ್ಟುವವನಿಗೆ ಎದುರಾಗುವ ಮುಖ್ಯ ಸುತ್ತು ಇದು. ಜಿಸಿಸಿ ಎಂಬುದು ಕಂಪೈಲರ್. ಜಿಲಿಬ್‌ಸಿ ಎಂಬುದು ‘ಸಿ’ ಗ್ರಂಥಾಲಯ. ಪರದೆಗೆ ಬರೆಯುವುದು, ಕಡತ ತೆರೆಯುವುದು ಮುಂತಾದ ಹೆಚ್ಚುಕಡಿಮೆ ಎಲ್ಲ ಪ್ರೋಗ್ರಾಂಗಳೂ ಕೇಳುವ ಸೇವೆಗಳ ಉಗ್ರಾಣ ಅದು. ಜಿಲಿಬ್‌ಸಿಯನ್ನು ಕಟ್ಟಲು ಜಿಸಿಸಿ ಬೇಕು. ಜಿಸಿಸಿ ಪೂರ್ಣವಾಗಲು ಜಿಲಿಬ್‌ಸಿ ಬೇಕು.

ಪುಸ್ತಕ ಹೇಳುವ ದಾರಿ ಹೀಗಿದೆ. ಮೊದಲು ಬಿನ್‌ಯುಟಿಲ್ಸ್, ಅಂದರೆ ಅಸೆಂಬ್ಲರ್ ಮತ್ತು ಲಿಂಕರ್‌ಗಳ ಕಟ್ಟು. ಇದೇ ಏಕೆ ಮೊದಲು? ಜಿಸಿಸಿ, ಜಿಲಿಬ್‌ಸಿ ಎರಡೂ ತಮ್ಮನ್ನು ಕಟ್ಟುವ ಮುನ್ನ ಅಲ್ಲಿರುವ ಅಸೆಂಬ್ಲರ್, ಲಿಂಕರ್‌ಗಳ ಸಾಮರ್ಥ್ಯವನ್ನು ಪರೀಕ್ಷಿಸಿ, ಅದರಂತೆ ತಮ್ಮ ಸೌಕರ್ಯಗಳನ್ನು ನಿಗದಿ ಮಾಡಿಕೊಳ್ಳುತ್ತವೆ. ಎರಡನೆಯದು ಜಿಸಿಸಿ, ಆದರೆ ಅರ್ಧದ್ದು. ‘ನಿನಗೆ ಸದ್ಯಕ್ಕೆ ಗ್ರಂಥಾಲಯವಿಲ್ಲ, ಇಲ್ಲದೆಯೇ ಏಳು’ ಎಂದು ಹೇಳಿ ಕಟ್ಟುವ ಕುಂಟು ಕಂಪೈಲರ್ ಅದು. ಮೂರನೆಯದು ಲಿನಕ್ಸ್ ಕರ್ನಲಿನ ಹೆಡರ್ ಕಡತಗಳು. ಕರ್ನಲಿನ ಜೊತೆ ಮಾತಾಡುವ ಕ್ರಮ ಗ್ರಂಥಾಲಯಕ್ಕೆ ತಿಳಿಯುವುದು ಇವುಗಳಿಂದ. ನಾಲ್ಕನೆಯದು, ಕುಂಟು ಕಂಪೈಲರಿನ ಕೈಯಲ್ಲೇ ಕಟ್ಟಿಸಿದ ಜಿಲಿಬ್‌ಸಿ. ಐದನೆಯದು ‘ಸಿ ಪ್ಲಸ್ ಪ್ಲಸ್’ ಗ್ರಂಥಾಲಯ. ಇದು ಜಿಸಿಸಿಯ ಆಕರ ಪಠ್ಯದೊಳಗೇ ಇರುವ ಭಾಗ. ಆದರೂ ಜಿಲಿಬ್‌ಸಿಗಾಗಿ ಕಾದು ಕುಳಿತಿತ್ತು!

ಸುತ್ತು ಮುರಿದದ್ದು ಎಲ್ಲಿ ಎಂದು ಗಮನಿಸಿದಿರಾ? ಒಂದೇ ಪ್ಯಾಕೇಜನ್ನು ಎರಡು ಮಾಡಿಕೊಂಡದ್ದರಲ್ಲಿ. ಅರ್ಧ ಜಿಸಿಸಿ ಮತ್ತು ಪೂರ್ಣ ಜಿಸಿಸಿಗಳನ್ನು ಬೇರೆ ಬೇರೆ ಎಂದು ಎಣಿಸಿದ ಕೂಡಲೇ ಸುತ್ತು ನೇರವಾಗಿ ಮೆಟ್ಟಿಲಾಗುತ್ತದೆ. ಮೊದಲ ದಿನದ ನೀರು ಮೊಸರನ್ನು ಮೊಸರೆಂದು ಒಪ್ಪಿಕೊಳ್ಳುವ ಧೈರ್ಯವಷ್ಟೇ ಬೇಕು.

ಪುಸ್ತಕದವರಿಗೆ ತಮಾಷೆಯೂ ಗೊತ್ತು. ಯಂತ್ರದಿಂದ ಯಂತ್ರಕ್ಕೆ ವೇಗ ಬೇರೆಯಾದ್ದರಿಂದ ಅವರು ಕಾಲವನ್ನು ನಿಮಿಷದಲ್ಲಿ ಹೇಳುವುದಿಲ್ಲ. ಮೊದಲ ಸಲ ಬಿನ್‌ಯುಟಿಲ್ಸ್ ಕಟ್ಟಲು ನಿಮ್ಮ ಯಂತ್ರ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೋ ಅದೇ ಒಂದು ಮಾನ. ಉಳಿದದ್ದೆಲ್ಲ ಅದರ ಇಷ್ಟುಪಟ್ಟು. ಮೂಲಮಾನಗಳ ಪಾಠ ಮಾಡುವ ನನಗೆ ಇದು ಬಹಳ ಹಿಡಿಸಿತು. ನನ್ನ ಯಂತ್ರದಲ್ಲಿ ಒಂದು ಮಾನ ಎಂದರೆ 8 ನಿಮಿಷ.

ಹಾಜರಿ ಪುಸ್ತಕದ ತಪ್ಪು

ಇಲ್ಲಿಯವರೆಗೆ ಪುಸ್ತಕ ಹೇಳಿದಂತೆ ನಡೆದೆ. ಮುಂದೆ ತಾತ್ಕಾಲಿಕ ಸಲಕರಣೆಗಳ ಪಟ್ಟಿ ಬಂತು. ಎಂ4, ಎನ್‌ಕರ್ಸಸ್, ಆಮೇಲೆ ಬ್ಯಾಶ್, ಕೋರ್‌ಯುಟಿಲ್ಸ್, ಡಿಫ್‌ಯುಟಿಲ್ಸ್, ಫೈಲ್... ಹೀಗೆ ಎಕ್ಸ್‌ಜೆಡ್‌ವರೆಗೆ. ಮೊದಲ ಎರಡನ್ನು ಬಿಟ್ಟರೆ ಮಿಕ್ಕದ್ದೆಲ್ಲ ಇಂಗ್ಲಿಷಿನ ಅಕಾರಾದಿ ಕ್ರಮದಲ್ಲಿದೆ. ಮೂವತ್ತು ವರ್ಷ ಹಾಜರಿ ಕೂಗಿದ ಮೇಷ್ಟ್ರ ಬುದ್ಧಿ! ‘ಓ, ಇಲ್ಲಿ ಸರದಿ ಮುಖ್ಯವಲ್ಲ, ಸುಮ್ಮನೆ ಹೆಸರಿನ ಪ್ರಕಾರ ಬರೆದಿದ್ದಾರೆ’ ಎಂದುಕೊಂಡೆ. ಎಂ4, ಎನ್‌ಕರ್ಸಸ್ ಎರಡನ್ನೂ ಅವುಗಳ ‘ಸರಿಯಾದ’ ಜಾಗಕ್ಕೆ ಕಳುಹಿಸಿ ಬ್ಯಾಶ್‌ನಿಂದ ಆರಂಭಿಸಿದೆ.

ಅದೇ ಹೊತ್ತಿಗೆ ಕರೆಂಟ್ ಹೋಯಿತು. ಬಂದ ಮೇಲೆ ಯಂತ್ರವನ್ನು ಮತ್ತೆ ಹೊತ್ತಿಸಿದೆ, ಆದರೆ ಹೊಸ ಕಂಪೈಲರ್ ಎಲ್ಲಿದೆ ಎಂಬ ವಿಳಾಸವನ್ನು ಯಂತ್ರಕ್ಕೆ ಮತ್ತೆ ಹೇಳಿಕೊಡುವುದನ್ನು ಮರೆತೆ. ಯಂತ್ರ ತಕರಾರು ಮಾಡಲಿಲ್ಲ. ತನ್ನಲ್ಲಿ ಮೊದಲೇ ಇದ್ದ ಹಳೆಯ ಕಂಪೈಲರಿನಿಂದಲೇ ಬ್ಯಾಶನ್ನು ಕಟ್ಟಿಕೊಟ್ಟಿತು. ಪರದೆಯ ಮೇಲೆ ಒಂದೂ ದೋಷ ಕಾಣಲಿಲ್ಲ. ಆಮೇಲೆ ನನ್ನ ಮರೆವು ನೆನಪಾಗಿ ವಿಳಾಸ ಕೊಟ್ಟು ಉಳಿದದ್ದನ್ನು ಕಟ್ಟಿದೆ. ‘ಬ್ಯಾಶ್ ಹೇಗೂ ಆಗಿದೆಯಲ್ಲ’ ಎಂದು ಅದನ್ನು ಹಾಗೇ ಬಿಟ್ಟೆ.

ಎರಡು ದಿನದ ಮೇಲೆ ಗೃಹಪ್ರವೇಶ. ಹೊಸದಾಗಿ ಕಟ್ಟಿದ ಭಾಗವನ್ನೇ ಇಡೀ ಜಗತ್ತೆಂದು ತಿಳಿದು, ಹಳೆಯ ವ್ಯವಸ್ಥೆಯ ಬಾಗಿಲು ಮುಚ್ಚಿಕೊಂಡು ಒಳಹೋಗುವ ಹಂತ. ಯುನಿಕ್ಸಿನಲ್ಲಿ ಇದಕ್ಕೆ ‘ಸಿಎಚ್‌ರೂಟ್’ ಎನ್ನುತ್ತಾರೆ. ಒಳಗೆ ಹೋಗುತ್ತಿದ್ದಂತೆ ಬ್ಯಾಶ್ ಕೈಚೆಲ್ಲಿತು: ಲಿಬ್‌ಟಿನ್ಫೋ ಎಂಬ ಗ್ರಂಥಾಲಯ ಸಿಗುತ್ತಿಲ್ಲ. ಆ ಹೆಸರು ನಾನು ಕಟ್ಟಿದ ಪಟ್ಟಿಯಲ್ಲೇ ಇರಲಿಲ್ಲ!

ಒಂದು ಸಂಜೆ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು. ಪರದೆಯ ಮೇಲೆ ಅಕ್ಷರಗಳ ಓಡಾಟವನ್ನು ನಿಭಾಯಿಸುವ ಗ್ರಂಥಾಲಯವೊಂದನ್ನು ಬ್ಯಾಶ್ ಹುಡುಕುತ್ತದೆ. ಹೊಸ ಮನೆಯಲ್ಲಿ ಎನ್‌ಕರ್ಸಸ್ ಅದನ್ನು ಒದಗಿಸಬೇಕಿತ್ತು. ಅದನ್ನು ನಾನೇ ಸರದಿಯಲ್ಲಿ ಹಿಂದಕ್ಕೆ ತಳ್ಳಿದ್ದೆ. ಅದು ಇದ್ದಿದ್ದರೂ ಹಳೆಯ ಕಂಪೈಲರಿನ ಕಣ್ಣಿಗೆ ಬೀಳುತ್ತಿದ್ದುದು ಹಳೆಯ ಮನೆಯ ಸಾಮಾನೇ. ಬ್ಯಾಶ್ ಅದನ್ನೇ ನೆಚ್ಚಿಕೊಂಡಿತು. ಹಳೆಯ ಮನೆಯ ಬಾಗಿಲು ಮುಚ್ಚುವವರೆಗೆ ಈ ಸಾಲದ ಸಂಗತಿ ಯಾರಿಗೂ ತಿಳಿಯಲಿಲ್ಲ.

ಅಕಾರಾದಿ ಪಟ್ಟಿಯಲ್ಲಿ ಸರದಿ ತಪ್ಪಿ ನಿಂತ ಆ ಎರಡು ಹೆಸರುಗಳು ಸುಮ್ಮನೆ ನಿಂತಿರಲಿಲ್ಲ. ತರಗತಿಯಲ್ಲಿ ಎಲ್ಲರ ಹಾಗೆ ಕೂರದ ಹುಡುಗನನ್ನು ಕಂಡಾಗ ಕಾರಣ ಕೇಳಬೇಕು ಎಂದು ಬಿ.ಇಡಿ.ಯಲ್ಲಿ ಕಲಿಸಿದ್ದರು. ನಾನು ಮರೆತಿದ್ದೆ.

ಮೂರು ಸಲ ಹೆಪ್ಪು

ಎಲ್ಲವನ್ನೂ ಅಳಿಸಿ ಮತ್ತೆ ಕಟ್ಟಿದೆ. ಈ ಸಲ ಗಮನಿಸಿದೆ: ಪುಸ್ತಕದಲ್ಲಿ ಜಿಸಿಸಿಯನ್ನು ಒಟ್ಟು ಮೂರು ಬಾರಿ ಕಟ್ಟುತ್ತಾರೆ. ಮೊದಲನೆಯದು ಅರ್ಧದ್ದು. ಎರಡನೆಯದು ಹೊಸ ಗ್ರಂಥಾಲಯದ ಜೊತೆ. ಮೂರನೆಯದು ಹೊಸ ಮನೆಯೊಳಗೆ, ಹೊಸ ಸಲಕರಣೆಗಳಿಂದಲೇ.

ಜಿಸಿಸಿಗೆ ತನ್ನದೇ ಆದ ಮೂರು ಹಂತದ ಪದ್ಧತಿಯೂ ಇದೆ. ಜಿಸಿಸಿ ಮೊದಲು ಹೊರಬಂದದ್ದು 1987ರಲ್ಲಿ, ರಿಚರ್ಡ್ ಸ್ಟಾಲ್‌ಮನ್ ಅವರಿಂದ. ಅದನ್ನು ಪೂರ್ಣವಾಗಿ ಹೆಪ್ಪು ಹಾಕಿ ಕಟ್ಟುವಾಗ, ಯಂತ್ರದಲ್ಲಿ ಇರುವ ಯಾವುದೋ ಕಂಪೈಲರಿನಿಂದ ಒಂದನೇ ಜಿಸಿಸಿಯನ್ನು ಕಟ್ಟುತ್ತಾರೆ. ಒಂದನೆಯದರಿಂದ ಅದೇ ಆಕರ ಪಠ್ಯವನ್ನು ಮತ್ತೆ ಕಂಪೈಲ್ ಮಾಡಿ ಎರಡನೆಯದು, ಎರಡನೆಯದರಿಂದ ಮೂರನೆಯದು. ಆಮೇಲೆ ಎರಡನೆಯದನ್ನೂ ಮೂರನೆಯದನ್ನೂ ಬೈಟ್‌ಗೆ ಬೈಟ್ ಹೋಲಿಸುತ್ತಾರೆ.

ಒಂದನ್ನೂ ಎರಡನ್ನೂ ಏಕೆ ಹೋಲಿಸುವುದಿಲ್ಲ? ಅವೆರಡನ್ನು ತಯಾರಿಸಿದ ಕೈಗಳು ಬೇರೆ ಬೇರೆ. ಒಂದೇ ಹಸ್ತಪ್ರತಿಯನ್ನು ಇಬ್ಬರು ನಕಲು ಮಾಡಿದರೆ ಅರ್ಥ ಒಂದೇ ಆದರೂ ಅಕ್ಷರ ಬೇರೆಯಾಗುವಂತೆ ಅವು ಬೇರೆಯಾಗಬಹುದು. ಆದರೆ ಎರಡು ಮತ್ತು ಮೂರನ್ನು ತಯಾರಿಸಿದ ಕೈಗಳು ಒಂದೇ ಆಕರ ಪಠ್ಯದಿಂದ ಬಂದವು. ಕೆಲಸ ಸರಿಯಿದ್ದರೆ ಅವು ಪಡಿಯಚ್ಚಿನಂತಿರಬೇಕು. ಇಲ್ಲವಾದರೆ ಎಲ್ಲೋ ದೋಷವಿದೆ.

ನೀರು ಮೊಸರು, ಗಟ್ಟಿ ಮೊಸರು, ಅದರ ಮರುದಿನದ ಮೊಸರು. ಮೂರನೇ ದಿನದ ರುಚಿ ಎರಡನೇ ದಿನದಂತೆಯೇ ಇದ್ದರೆ ಹೆಪ್ಪು ನಿಂತಿತು ಎಂದು ಅರ್ಥ.

ಹೆಪ್ಪೇ ಕೆಟ್ಟಿದ್ದರೆ?

ಇಲ್ಲಿಗೇ ಮುಗಿಸಿದ್ದರೆ ಇದು ಸುಖಾಂತ್ಯದ ಕಥೆಯಾಗುತ್ತಿತ್ತು. ಆದರೆ ಮೂರನೆಯದು ಎರಡನೆಯದರಂತಿದೆ ಎಂದ ಮಾತ್ರಕ್ಕೆ ಎರಡೂ ಶುದ್ಧ ಎನ್ನಲಾದೀತೇ? ಕೆಟ್ಟ ಹೆಪ್ಪಿನ ಮೊಸರೂ ದಿನದಿಂದ ದಿನಕ್ಕೆ ಒಂದೇ ರುಚಿ ಕೊಡಬಹುದಲ್ಲ!

ಈ ಪ್ರಶ್ನೆಯನ್ನು ಜಗತ್ತಿನ ಮುಂದಿಟ್ಟವರೂ ಕೆನ್ ಥಾಂಪ್ಸನ್ ಅವರೇ. ಅವರಿಗೂ ರಿಚಿಗೂ 1983ರ ಟ್ಯೂರಿಂಗ್ ಪ್ರಶಸ್ತಿ ಬಂತು. ಥಾಂಪ್ಸನ್ ಅವರ ಪ್ರಶಸ್ತಿ ಉಪನ್ಯಾಸ 1984ರ ಆಗಸ್ಟ್‌ನಲ್ಲಿ ಅಚ್ಚಾಯಿತು. ಅದರಲ್ಲಿ ಅವರು ಮೊದಲು ಒಂದು ಪುಟ್ಟ ಉದಾಹರಣೆ ಕೊಡುತ್ತಾರೆ. ಲಂಬ ಟ್ಯಾಬ್ ಎಂಬ ಚಿಹ್ನೆಯನ್ನು ಕಂಪೈಲರಿಗೆ ಹೊಸದಾಗಿ ಕಲಿಸಬೇಕು. ಮೊದಲ ಸಲ ಆಕರ ಪಠ್ಯದಲ್ಲಿ ಅದರ ಸಂಕೇತಸಂಖ್ಯೆ 11 ಎಂದು ಬಿಡಿಸಿ ಬರೆಯಬೇಕು. ಒಮ್ಮೆ ಕಂಪೈಲ್ ಮಾಡಿದ ಮೇಲೆ ಆ ಸಂಖ್ಯೆಯನ್ನು ಅಳಿಸಿ, ಚಿಹ್ನೆಯ ಹೆಸರನ್ನಷ್ಟೇ ಬರೆದರೆ ಸಾಕು. ಕಂಪೈಲರಿಗೆ ಈಗ ಗೊತ್ತು. ಅದು ತನ್ನ ಮುಂದಿನ ಪೀಳಿಗೆಗೆ ತಾನೇ ಹೇಳಿಕೊಡುತ್ತದೆ. 11 ಎಂಬ ಅಂಕಿ ಆಕರ ಪಠ್ಯದಲ್ಲಿ ಎಲ್ಲೂ ಇರುವುದಿಲ್ಲ. ಇರುವುದು ಹೆಪ್ಪಿನಲ್ಲಿ.

ಒಳ್ಳೆಯದನ್ನು ಹೀಗೆ ದಾಟಿಸಬಹುದಾದರೆ ಕೆಟ್ಟದ್ದನ್ನೂ ದಾಟಿಸಬಹುದು. ಯುನಿಕ್ಸಿನೊಳಗೆ ಬರುವವರ ಗುಪ್ತಪದ ಕೇಳುವ ‘ಲಾಗಿನ್’ ಪ್ರೋಗ್ರಾಂ ಕಂಪೈಲ್ ಆಗುವಾಗ ಗುಟ್ಟಾಗಿ ಒಂದು ಹಿಂಬಾಗಿಲು ಸೇರಿಸುವಂತೆ ಕಂಪೈಲರನ್ನು ತಿದ್ದಬಹುದು. ಕಂಪೈಲರ್ ತನ್ನನ್ನೇ ಕಂಪೈಲ್ ಮಾಡಿಕೊಳ್ಳುವಾಗ ಈ ಎರಡು ಕುತಂತ್ರಗಳನ್ನೂ ಮತ್ತೆ ಸೇರಿಸುವಂತೆ ಇನ್ನೊಂದು ತಿದ್ದುಪಡಿ ಮಾಡಬಹುದು. ಆಮೇಲೆ ಆಕರ ಪಠ್ಯದಿಂದ ಎರಡನ್ನೂ ಅಳಿಸಿಹಾಕಿದರೆ? ಲಾಗಿನ್‌ನ ಪಠ್ಯ ಶುದ್ಧ, ಕಂಪೈಲರಿನ ಪಠ್ಯ ಶುದ್ಧ, ಕಳ್ಳ ಮಾತ್ರ ಒಳಗೇ ಇದ್ದಾನೆ! ಪಠ್ಯವನ್ನು ಎಷ್ಟು ಓದಿದರೂ ಅವನು ಸಿಗುವುದಿಲ್ಲ.

ಇದು ಕೇವಲ ಪಂಡಿತರ ಚರ್ಚೆಯೆಂದು ತಿಳಿಯಬೇಡಿ. ಪ್ರೋಗ್ರಾಂ ಕಟ್ಟುವ ದಾರಿಯಲ್ಲೇ ವಿಷ ಬೆರೆಸಿದ ಪ್ರಸಂಗಗಳು ನಡೆದಿವೆ. 2015ರಲ್ಲಿ ಆಪಲ್ ಫೋನುಗಳ ಆ್ಯಪ್ ಬರೆಯುವ ‘ಎಕ್ಸ್‌ಕೋಡ್’ ಸಲಕರಣೆಯ ಕಲಬೆರಕೆ ಪ್ರತಿಯೊಂದು ಚೀನಾದಲ್ಲಿ ಹರಿದಾಡಿತು. ಅದನ್ನು ಬಳಸಿದ ಪ್ರಾಮಾಣಿಕ ತಂತ್ರಜ್ಞರು ತಮಗೆ ಗೊತ್ತಿಲ್ಲದೆಯೇ ಸೋಂಕಿನ ಆ್ಯಪ್‌ಗಳನ್ನು ಜನರಿಗೆ ಕೊಟ್ಟರು.

2024ರ ಮಾರ್ಚ್‌ನಲ್ಲಿ ಎಕ್ಸ್‌ಜೆಡ್‌ನ ಸರದಿ. ಹೌದು, ನನ್ನ ಪಟ್ಟಿಯ ಹದಿನೈದನೆಯ ಪ್ಯಾಕೇಜು! ಕಡತಗಳನ್ನು ಕುಗ್ಗಿಸುವ ಈ ಸಾಧು ಪ್ರೋಗ್ರಾಂನ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಅಡಗಿತ್ತು. ವಿಷವನ್ನು ಪರೀಕ್ಷೆಗೆಂದು ಇಟ್ಟ ಕಡತಗಳೊಳಗೆ ಹುದುಗಿಸಿದ್ದರು. ಬಿಡುಗಡೆಯ ಕಟ್ಟಿನಲ್ಲಿದ್ದ ಕಟ್ಟೋಣದ ಆಜ್ಞೆಗಳು ಕೆಲಸ ಮಾಡಿದಾಗ ಮಾತ್ರ ಅದು ಎಚ್ಚರಗೊಳ್ಳುತ್ತಿತ್ತು. ಅದನ್ನು ಪತ್ತೆ ಮಾಡಿದವರು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್. ದೂರದ ಯಂತ್ರಕ್ಕೆ ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ, ಏಕೆ ಎಂದು ಅವರು ಬೆನ್ನು ಹತ್ತಿದರು. ನಾನು ಕಟ್ಟಿದ್ದು ಅದಕ್ಕೆ ಮುಂಚಿನ ಆವೃತ್ತಿ. ಅದರಲ್ಲಿ ನನ್ನ ಜಾಣತನವೇನೂ ಇಲ್ಲ. ರಜೆ ಬಂದದ್ದು ಅಕ್ಟೋಬರ್‌ನಲ್ಲಿ, ಅಷ್ಟೇ.

357 ಬೈಟ್‌ಗಳ ತೊಟ್ಟು

ಹಾಗಾದರೆ ಪರಿಹಾರ? ಎರಡು ದಾರಿಗಳು ಕಾಣುತ್ತವೆ.

ಮೊದಲನೆಯದು ಡೇವಿಡ್ ವೀಲರ್ ಅವರದು. 2009ರಲ್ಲಿ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಲ್ಲಿ ಪೂರ್ಣಗೊಳಿಸಿದ ಪ್ರಬಂಧದಲ್ಲಿ ಅವರು ಇದನ್ನು ಸಾಧಿಸಿ ತೋರಿಸಿದರು. ಅನುಮಾನವಿರುವ ಕಂಪೈಲರಿನ ಆಕರ ಪಠ್ಯವನ್ನು, ಅದಕ್ಕೆ ಸಂಬಂಧವೇ ಇಲ್ಲದ ಬೇರೊಂದು ಕಂಪೈಲರಿನಿಂದ ಕಟ್ಟಿ. ಬಂದದ್ದರಿಂದ ಅದೇ ಪಠ್ಯವನ್ನು ಮತ್ತೊಮ್ಮೆ ಕಟ್ಟಿ. ಅನುಮಾನದ ಕಂಪೈಲರ್ ತನ್ನನ್ನು ತಾನೇ ಕಟ್ಟಿಕೊಂಡಾಗ ಬರುವುದರ ಜೊತೆ ಹೋಲಿಸಿ. ಪಡಿಯಚ್ಚಾದರೆ ಆಕರ ಪಠ್ಯದಲ್ಲಿ ಇಲ್ಲದ್ದು ಒಳಗೂ ಇಲ್ಲ. ಎರಡು ಕಂಪೈಲರ್‌ಗಳೂ ಒಂದೇ ರೀತಿ ಕೆಟ್ಟಿರಬಾರದು, ಅಷ್ಟೇ. ಇಲ್ಲಿ ನನ್ನ ಮೊಸರಿನ ಹೋಲಿಕೆ ಕೈಕೊಡುತ್ತದೆ, ಒಪ್ಪಿಕೊಳ್ಳುತ್ತೇನೆ. ಪಕ್ಕದ ಮನೆಯ ಹೆಪ್ಪಿನ ಗುಣ ಮೊಸರಿನಲ್ಲಿ ಉಳಿದುಬಿಡುತ್ತದೆ. ಪ್ರಾಮಾಣಿಕ ಕಂಪೈಲರಿನ ಗುಣ ಎರಡನೇ ಸುತ್ತಿಗೆ ಅಳಿಸಿಹೋಗುತ್ತದೆ.

ಎರಡನೆಯದು ತೊಟ್ಟನ್ನೇ ಚಿಕ್ಕದು ಮಾಡುವ ದಾರಿ. ಗೀಕ್ಸ್ ಎಂಬ ಗ್ನೂ ವ್ಯವಸ್ಥೆ ಹಿಂದೆ ಸುಮಾರು 250 ಮೆಗಾಬೈಟ್‌ನಷ್ಟು ಸಿದ್ಧ ಯಂತ್ರಭಾಷೆಯನ್ನು ಕಣ್ಣುಮುಚ್ಚಿ ನಂಬಿಕೊಂಡು ಆರಂಭವಾಗುತ್ತಿತ್ತು. ಹಲವು ವರ್ಷ ಅದನ್ನು ತೇದು ತೇದು, 2023ರ ಏಪ್ರಿಲ್‌ನಲ್ಲಿ ಅದರ ತಂಡ ಹೊಸ ಸುದ್ದಿ ಕೊಟ್ಟಿತು. 22 ಸಾವಿರಕ್ಕೂ ಹೆಚ್ಚು ಪ್ಯಾಕೇಜುಗಳ ಅವಲಂಬನೆಯ ಮರಕ್ಕೆ ಈಗ ಬೇರು 357 ಬೈಟ್‌ಗಳ ಒಂದು ಪ್ರೋಗ್ರಾಂ! ಕನ್ನಡದ ಒಂದೊಂದು ಚಿಹ್ನೆಗೂ ಯೂನಿಕೋಡಿನ ಸಾಮಾನ್ಯ ಬಳಕೆಯಲ್ಲಿ 3 ಬೈಟ್ ಬೇಕು. 357 ಬೈಟ್ ಎಂದರೆ ಕೇವಲ 119 ಚಿಹ್ನೆಗಳು, ಎರಡು ಸಣ್ಣ ವಾಕ್ಯಗಳಷ್ಟು. ಅದರ ಒಂದೊಂದು ಬೈಟಿನ ಅರ್ಥವನ್ನೂ ಒಬ್ಬ ಮನುಷ್ಯ ಕುಳಿತು ಪರಿಶೀಲಿಸಬಹುದು.

ಆ ಪುಟ್ಟ ಪ್ರೋಗ್ರಾಂಗೆ ಗೊತ್ತಿರುವುದು ಒಂದೇ ವಿದ್ಯೆ: ಹದಿನಾರರ ಮಾನದಲ್ಲಿ ಬರೆದ ಅಂಕಿಗಳನ್ನು ಬೈಟ್‌ಗಳಾಗಿ ಬದಲಿಸುವುದು. ಅದರಿಂದ ತುಸು ಜಾಣ ಪ್ರೋಗ್ರಾಂ, ಅದರಿಂದ ಇನ್ನೊಂದು, ಆಮೇಲೆ ಒಂದು ಅಸೆಂಬ್ಲರ್, ಆಮೇಲೆ ‘ಸಿ’ಯ ಸಣ್ಣ ತುಣುಕನ್ನು ಬಲ್ಲ ಕಂಪೈಲರ್, ಆಮೇಲೆ ಮೆಸ್, ಅದರಿಂದ ಟೈನಿ ಸಿಸಿ, ಅದರಿಂದ 2001ರ ಜಿಸಿಸಿ 2.95.3. ಅಲ್ಲಿಂದ ಹಂತಹಂತವಾಗಿ ಇಂದಿನ ಜಿಸಿಸಿ. ಇಲ್ಲಿಯೂ ಮೆಟ್ಟಿಲು ಹಾರುವಂತಿಲ್ಲ. 2013ರ ಜಿಸಿಸಿ 4.8ರಿಂದ ಮುಂದಿನದನ್ನು ಕಟ್ಟಲು ‘ಸಿ ಪ್ಲಸ್ ಪ್ಲಸ್’ ಬಲ್ಲ ಕಂಪೈಲರೇ ಬೇಕು. ಬರೀ ‘ಸಿ’ ಬಲ್ಲವನು ಅದಕ್ಕೆ ಮುಂಚಿನ ಜಿಸಿಸಿಯ ಮೂಲಕವೇ ಹತ್ತಬೇಕು. ಹಳೆಯ ಆವೃತ್ತಿಗಳನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕಾದದ್ದು ಇದಕ್ಕಾಗಿಯೇ.

ಇಷ್ಟಾದರೂ ಎಲ್ಲ ಮುಗಿದಿಲ್ಲ. ಈ ಮೆಟ್ಟಿಲು ಹತ್ತುವಾಗ ಕೆಳಗೆ ಒಂದು ಕರ್ನಲ್ ನಡೆಯುತ್ತಿರಬೇಕು. ಅದರ ಕೆಳಗೆ ಯಾರೋ ತಯಾರಿಸಿದ ಚಿಪ್ ಇರಬೇಕು. ನಂಬಿಕೆಯನ್ನು ಸೊನ್ನೆಗೆ ಇಳಿಸಲಾಗದು. ಆದರೆ 250 ಮೆಗಾಬೈಟ್ ನಂಬುವುದಕ್ಕೂ, ಕಣ್ಣಿಂದ ಓದಿ ನೋಡಬಹುದಾದಷ್ಟನ್ನು ನಂಬುವುದಕ್ಕೂ ವ್ಯತ್ಯಾಸವಿದೆ. ಬ್ಯಾಂಕಿನ ಹಣ, ಆಸ್ಪತ್ರೆಯ ದಾಖಲೆ, ರೈಲಿನ ಟಿಕೇಟು ಎಲ್ಲವೂ ಯಾವುದೋ ಕಂಪೈಲರಿನ ಕೈಯಿಂದ ಬಂದ ಪ್ರೋಗ್ರಾಂಗಳ ಮೇಲೆ ನಿಂತಿರುವಾಗ ಈ ವ್ಯತ್ಯಾಸ ಚಿಕ್ಕದಲ್ಲ.

ದಸರಾ ರಜೆ ಮುಗಿಯುವ ಹಿಂದಿನ ರಾತ್ರಿ ನನ್ನ ಯಂತ್ರ ನಾನೇ ಕಟ್ಟಿದ ಲಿನಕ್ಸಿನಲ್ಲಿ ಎದ್ದಿತು. ಕಪ್ಪು ಪರದೆಯ ಮೇಲೆ ಮಿನುಗುವ ಒಂದು ಗೆರೆ, ಅಷ್ಟೇ. ಚಿತ್ರವಿಲ್ಲ, ಸಂಗೀತವಿಲ್ಲ. ಮನೆಯವರು ಬಂದು ನೋಡಿ, ‘ಇಷ್ಟಕ್ಕಾ ಇಷ್ಟು ದಿನ ಕೂತಿದ್ದು?’ ಎಂದರು.

ಶಾಲೆ ಮತ್ತೆ ಶುರುವಾದ ಮೇಲೆ ಎಂಟನೇ ತರಗತಿಗೆ ಮೂರು ಬಟ್ಟಲು ಮೊಸರು ಒಯ್ದೆ. ತೊಟ್ಟಿನದು, ತೊಟ್ಟಿನ ಮೊಸರಿನದು, ಅದರ ಮೊಸರಿನದು. ಮಕ್ಕಳು ಮೂರನ್ನೂ ರುಚಿ ನೋಡಿ ಮೊದಲನೆಯದಕ್ಕೆ ಮುಖ ಕಿವುಚಿದರು. ಪ್ರಶ್ನೆ ಕೇಳಿದ್ದ ಹುಡುಗಿ ಅಷ್ಟರಲ್ಲಿ ನಮ್ಮ ಶಾಲೆ ಬಿಟ್ಟು ಕಾಲೇಜು ಸೇರಿದ್ದಳು. ಅವಳಿಗೆ ಕೊಡಬೇಕಾಗಿದ್ದ ಉತ್ತರ ತಡವಾಗಿ ಇಲ್ಲಿ ಬರೆದಿದ್ದೇನೆ. ಎಲ್ಲಿದ್ದರೂ ಓದಿಕೊಳ್ಳಲಿ.